ಏಳನೇ ಮಾಳಿಗೆಯ ಇಬ್ಬರು ಎಸ್ಪೊಸಿಟೊಗಳು

ಸತ್ತವರ ಕೆಲಸ ಬೇಗ ಮುಗಿಯುವುದಿಲ್ಲ. ಬಹರೈನಿನಲ್ಲಿ ಹದಿನೆಂಟು ವರ್ಷ ಕಂಪೆನಿಯ ಕಾಗದಪತ್ರ ಹೊತ್ತು ತಿರುಗಿದ ಮೇಲೆ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ. ಇಲ್ಲಿ ನನ್ನಂಥವನನ್ನು ಮಂದೂಬ್ ಎನ್ನುತ್ತಾರೆ. ವೀಸಾ, ಕಾರ್ಡು, ಬಾಡಿಗೆ ಮನೆ, ಬಂದವರನ್ನು ಕರೆತರುವುದು, ಹೋಗುವವರನ್ನು ಬಿಟ್ಟುಬರುವುದು, ಎಲ್ಲ ನನ್ನ ತಲೆಗೆ. ಬದುಕಿದವರು ಒಂದು ಸಹಿ ಹಾಕಿದರೆ ಫೈಲು ಮುಚ್ಚುತ್ತದೆ. ಸತ್ತವರದು ಹಾಗಲ್ಲ, ತಿಂಗಳಿಗೊಮ್ಮೆ ಏನಾದರೊಂದು ಎದ್ದು ಬರುತ್ತದೆ. ಎಸ್ಪೊಸಿಟೊ ಅವರ ವಿಷಯದಲ್ಲಂತೂ ಪೂರ್ತಿ ಮನುಷ್ಯರೇ ಎದ್ದು ಬಂದರು.

೧. ಯಾವ ಗೇಟು?

ಎಸ್ಪೊಸಿಟೊ ನಮ್ಮ ಕಂಪೆನಿಯ ಇಟಲಿಯ ಎಂಜಿನಿಯರ್. ಬೋಳು ತಲೆ, ದಪ್ಪ ಮೀಸೆ. ಜುಫೈರಿನಲ್ಲಿ ಕಂಪೆನಿ ಹಿಡಿದಿದ್ದ ಫ್ಲ್ಯಾಟಿನಲ್ಲಿ, ಏಳನೇ ಮಾಳಿಗೆಯಲ್ಲಿ, ಒಬ್ಬರೇ ಇದ್ದರು. ಒಂದು ಬೆಳಿಗ್ಗೆ ಸೋಫಾದಲ್ಲಿ ಕುಳಿತಲ್ಲೇ ಹೋಗಿಬಿಟ್ಟರು. ನಾನು ಬಾಗಿಲು ತೆಗೆಸಿದಾಗ ಟೀವಿ ಇನ್ನೂ ಓಡುತ್ತಿತ್ತು. ಕಾಗದ ಮಾಡಿಸಿ, ಪೆಟ್ಟಿಗೆಯನ್ನು ವಿಮಾನಕ್ಕೆ ಹತ್ತಿಸಿದವನೂ ನಾನೇ. ಪಾಪ, ಒಳ್ಳೆಯ ಮನುಷ್ಯ. ಮನಾಮಾದ ನಮ್ಮವರ ಹೋಟೆಲಿನಲ್ಲಿ ಗರಿಗರಿ ಕೋರಿ ರೊಟ್ಟಿಯನ್ನು ಕೋಳಿ ಸಾರಿನಲ್ಲಿ ಅದ್ದಿ ತಿನ್ನುತ್ತಾ ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದರು, ಆದರೂ ಬಿಡುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಹೆಡ್ಡಾಫೀಸಿನಿಂದ ಮೇಲ್ ಬಂತು: "ಮಿಸ್ಟರ್ ಎಸ್ಪೊಸಿಟೊ ಗುರುವಾರ ಮಧ್ಯಾಹ್ನ ಬರುತ್ತಾರೆ. ಅದೇ ಫ್ಲ್ಯಾಟ್ ಕೊಡಿ."

ಮೂರು ಸಲ ಓದಿದೆ. ಮೂರು ಸಲವೂ ಹಾಗೇ ಇತ್ತು. ಸತ್ತವರ ಹೆಸರನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಂಡು ಕಾರು ಹತ್ತಿದೆ. ನಮ್ಮ ಡ್ರೈವರ್ ಪೇಶಾವರದವನು, ಹೋದ ಸಲ ಪೆಟ್ಟಿಗೆಯ ಹಿಂದೆ ಗಾಡಿ ಓಡಿಸಿದವನು. ರಟ್ಟು ನೋಡಿದ, ನನ್ನ ಮುಖ ನೋಡಿದ, ಕಡೆಗೆ ಬಹಳ ಮರ್ಯಾದೆಯಿಂದ ಕೇಳಿದ: "ಸಾಬ್, ಗಯೇ ತೋ ಕಾರ್ಗೋ ಸೆ ಥೇ. ಗಾಡಿ ಕಿಧರ್ ಲಗಾವೂಂ?"

ಹೋದದ್ದು ಕಾರ್ಗೋದಿಂದ, ಬರುವುದು ಯಾವ ಗೇಟಿನಿಂದ ಅಂತ.

೨. ತಬಿಯತ್ತು

ಬಂದವರು ಸಾಮಾನ್ಯ ಗೇಟಿನಿಂದಲೇ ಬಂದರು. ಬೋಳು ತಲೆ, ದಪ್ಪ ಮೀಸೆ. ನಾನು ರಟ್ಟಿನ ಹಿಂದೆ ಮುಖ ಮರೆಸಿಕೊಂಡೆ.

ಹಳೆಯವರ ಜಾಗಕ್ಕೆ ಬಂದ ಅದೇ ಹೆಸರಿನ ಈ ಹೊಸಬರಿಗೆ ಅವರ ಸುದ್ದಿ ಗೊತ್ತಿರಲಿಲ್ಲ, ಗೊತ್ತಾಗಲೂ ಕೂಡದು ಎಂದು ಮ್ಯಾನೇಜರ ಅಪ್ಪಣೆಯಾಗಿತ್ತು. ಮ್ಯಾನೇಜರು ಬೆಂಗಳೂರಿನವರು, ದೆವ್ವಗಿವ್ವ ನಂಬುವವರಲ್ಲ. ನಡುವೆ ಆ ಫ್ಲ್ಯಾಟಿಗೆ ಹಾಕಿದ್ದ ಫಿಲಿಪೀನಿ ಡ್ರಾಫ್ಟ್ಸ್‌ಮನ್ ಸುದ್ದಿ ತಿಳಿದು ಮೂರನೇ ದಿನಕ್ಕೆ ಹಾಸಿಗೆ ಸುತ್ತಿಕೊಂಡು ಓಡಿದ್ದ. "ನೋಡಿ ಶೆಟ್ರೇ," ಎಂದಿದ್ದರು ಮ್ಯಾನೇಜರು, "ಲೀಸ್ ಇನ್ನೂ ಎರಡು ವರ್ಷ ಇದೆ. ಇವ್ರೂ ಬಿಟ್ಟು ಹೋದ್ರೆ ನಿಮ್ಮ ಫ್ಯಾಮಿಲಿನೇ ಅಲ್ಲಿಗೆ ಶಿಫ್ಟ್ ಮಾಡ್ತೀನಿ. ಫೈನಲ್."

ಅಂದಿನಿಂದ ನನ್ನ ಹೆಂಡತಿ ದಿನಾ ಕೇಳುವ ಪ್ರಶ್ನೆ ಒಂದೇ: "ಆ ಇಟಲಿಯವರು ಇನ್ನೂ ಇದ್ದಾರಲ್ಲ ಅಲ್ಲಿ?"

ವಿಮಾನ ನಿಲ್ದಾಣದಿಂದ ಬಂದು ಇಳಿದಾಗ, ಕಟ್ಟಡದ ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ಹಳೆಯ ಹೆಸರಿನ ಹಿತ್ತಾಳೆ ಪಟ್ಟಿ ಹಾಗೇ ಇತ್ತು. ತೆಗೆಸಲು ನನಗೆ ಮರೆತಿತ್ತು. ಹೊಸಬರು ನೋಡಿ ಹಿಗ್ಗಿ, "ನಾನು ಬರುವ ಮೊದಲೇ ನನ್ನ ಹೆಸರು ಹಾಕಿಸಿದ್ದೀರಿ!" ಎಂದು ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲಿ ನಾತೂರ್, ಅಂದರೆ ಕಟ್ಟಡದ ಕಾವಲುಗಾರ, ನೀರಿನ ಕ್ಯಾನು ಹೊತ್ತು ಎದುರು ಬಂದ. ಕ್ಯಾನು ಕೆಳಗೆ ಬಿತ್ತು. ಗೋಡೆಗೆ ಒರಗಿ ನಿಂತು, ಮುದುಕ ಹಲ್ಲು ಕಟಕಟಿಸುತ್ತಾ ಸಲಾಮು ಹೊಡೆದು ಹೇಳಿದ: "ಸಾಬ್, ಪಹಲೇ ಸೆ ತಬಿಯತ್ ಅಚ್ಛಾ ಲಗ್ ರಹಾ ಹೈ." ಮೊದಲಿಗಿಂತ ಆರೋಗ್ಯ ಸುಧಾರಿಸಿದ ಹಾಗಿದೆ ಅಂತ.

೩. ಸೂಟು

ಮೊದಲ ವಾರವೇ ಔಷಧದಂಗಡಿಯಿಂದ ಫೋನು ಬಂತಂತೆ: "ಮಿಸ್ಟರ್ ಎಸ್ಪೊಸಿಟೊ, ನಿಮ್ಮ ಬೀಪಿ ಮಾತ್ರೆ ರೆಡಿ ಇದೆ." ನನಗೆ ಬೀಪಿಯೇ ಇಲ್ಲವಲ್ಲ, ಎಂದರು ಹೊಸಬರು. ಬಹರೈನಿನಲ್ಲಿ ಅಂಗಡಿಯವರು ಮುಂಚೆಯೇ ತಯಾರಿಟ್ಟಿರುತ್ತಾರೆ, ಆಮೇಲೆ ಬರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಇರಬೇಕು.

ಮರುದಿನ ಅವರು ಬೂದು ಬಣ್ಣದ ಸೂಟು ತೊಟ್ಟು ಆಫೀಸಿನ ಬಾಗಿಲು ದೂಡಿದಾಗ ಎಲ್ಲರ ಕೀಬೋರ್ಡುಗಳೂ ಒಟ್ಟಿಗೆ ನಿಂತವು. ಸತ್ತವರು ತೊಡುತ್ತಿದ್ದ ಅದೇ ಸೂಟು. ಎಡ ತೋಳಿನ ಗುಂಡಿ ಬೇರೆ ಬಣ್ಣದ್ದು, ಅದೂ ಅದೇ. ಇಸ್ತ್ರಿ ಅಂಗಡಿಯವನು ತಂದುಕೊಟ್ಟನಂತೆ, "ಸಾರ್, ಎರಡು ತಿಂಗಳಿಂದ ಇತ್ತು" ಎಂದನಂತೆ.

"ಅಳತೆ ಯಾರು ಕೊಟ್ಟದ್ದು? ಹೊಲಿಸಿದ ಹಾಗೆ ಕೂತಿದೆ!" ಎಂದು ಅವರು ಒಂದು ಸುತ್ತು ತಿರುಗಿ ತೋರಿಸಿದರು. ನಮ್ಮ ಟೈಪಿಸ್ಟು ಶಿಲುಬೆ ಗುರುತು ಹಾಕಿಕೊಂಡಳು. ಮ್ಯಾನೇಜರು ಕ್ಯಾಬಿನಿನಿಂದ ಇಣುಕಿ ನೋಡಿ, ತಟ್ಟನೆ ಬಾಗಿಲು ಹಾಕಿಕೊಂಡರು. ದೆವ್ವ ನಂಬದವರು ಒಳಗಿನಿಂದ ಬೋಲ್ಟು ಹಾಕಿದ ಸದ್ದು ನಮಗೆಲ್ಲ ಕೇಳಿತು.

೪. ಯಾವ ಬರಿ?

ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಅತ್ತೆಗೆ ಹೆಂಡತಿ ಎಲ್ಲ ಹೇಳಿದಳು. ಅತ್ತೆ ಅಲುಗದೆ ಕೇಳಿದರು, ಆಮೇಲೆ ಒಂದೇ ಮಾತು: "ಒಂದೇ ಹೆಸರು, ಒಂದೇ ತಲೆ, ಒಂದೇ ಅಂಗಿ. ಅವರ ಬರಿ ಯಾವುದು ಕೇಳಿ ನೀವು."

ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ವಂಶ. ಸತ್ತವರಿಗೆ ಎಲೆ ಹಾಕಿ ಬಡಿಸಬೇಕಾದವರು ಯಾರೆಂದು ಅದರಿಂದಲೇ ತಿಳಿಯುವುದು.

ಸೈಟಿಗೆ ಹೋಗುವಾಗ ಕಾರಿನಲ್ಲಿ ಹೊಸಬರನ್ನು ಮೆಲ್ಲಗೆ ಕೇಳಿದೆ, "ನಿಮ್ಮ ಹೆಸರಿನವರು ಬಹಳ ಜನರಿದ್ದಾರಾ?" ಅವರು ನಕ್ಕರು. ನೇಪಲ್ಸ್ ಕಡೆ ಎಲ್ಲಿ ತಿರುಗಿದರೂ ಎಸ್ಪೊಸಿಟೊಗಳೇ ಅಂತೆ. ಬಹರೈನಿನಲ್ಲಿ ಶೆಟ್ಟರಿದ್ದ ಹಾಗೆ ಎಂದುಕೊಂಡೆ. "ಆದರೆ ಯಾರಿಗೂ ಯಾರೂ ಸಂಬಂಧವಿಲ್ಲ," ಎಂದರು. ಹಿಂದಿನ ಕಾಲದಲ್ಲಿ ಅನಾಥಾಲಯದ ಗೋಡೆಯಲ್ಲಿ ಒಂದು ತಿರುಗುವ ತೊಟ್ಟಿಲು ಇರುತ್ತಿತ್ತಂತೆ. ಸಾಕಲಾಗದ ತಾಯಿ ಹೊರಗಿನಿಂದ ಕೂಸನ್ನು ಅದರಲ್ಲಿ ಇಟ್ಟು ತಿರುಗಿಸುವುದು, ಒಳಗಿನವರು ಎತ್ತಿಕೊಳ್ಳುವುದು. ಯಾರಿಟ್ಟರೆಂದು ನೋಡುವಂತಿಲ್ಲ. ಹಾಗೆ ಸಿಕ್ಕಿದ ಮಕ್ಕಳಿಗೆಲ್ಲ ಇದೇ ಹೆಸರು. ಹೊರಗೆ ಇಟ್ಟುಹೋದದ್ದು ಎಂದು ಅರ್ಥ.

ಅತ್ತೆಗೆ ಹೇಳಿದೆ. ಅವರ ಕಣ್ಣು ತುಂಬಿತು. "ಹಾಗಾದ್ರೆ ಆ ಸತ್ತವರಿಗೆ ಬಡಿಸ್ಲಿಕ್ಕೆ ಜನವೇ ಇಲ್ಲ ಅಲ್ವಾ?" ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡು, "ಎರಡು ಕೋಳಿ ತನ್ನಿ. ಚರ್ಮ ತೆಗ್ಸಿ. ಸತ್ತವರಿಗಾದ್ರೂ ಕೊಲೆಸ್ಟ್ರಾಲ್ ಬೇಡ."

೫. ಎರಡು ಎಲೆ

ಶುಕ್ರವಾರ ಸೇತುವೆ ದಾಟಿ ಸೌದಿಗೆ ಹೋಗುತ್ತೇನೆ ಎಂದು ಹೊಸಬರು ಹೇಳಿದ್ದರು. ನನ್ನ ಹತ್ತಿರ ಇನ್ನೊಂದು ಕೀಲಿ ಇತ್ತು. ಮಧ್ಯಾಹ್ನ ನಾನು, ಹೆಂಡತಿ, ಅತ್ತೆ ಪಾತ್ರೆ ಹೊತ್ತು ಏಳನೇ ಮಾಳಿಗೆಗೆ ಹೋದೆವು. ಮಲಗುವ ಕೋಣೆಯ ಬಾಗಿಲು ಹಾಕಿತ್ತು, ತೆಗೆದು ನೋಡುವ ಧೈರ್ಯ ಮೂವರಿಗೂ ಇರಲಿಲ್ಲ.

ಅತ್ತೆ ಹಾಲಿನಲ್ಲಿ ಎರಡು ಬಾಳೆಲೆ ಹಾಕಿದರು. ಸೋಫಾದ ಹತ್ತಿರದ್ದು ಸತ್ತವರಿಗೆ, ಕಿಟಕಿಯ ಹತ್ತಿರದ್ದು ಅವರ ಹಿಂದಿನ ಹೆಸರಿಲ್ಲದ ಹಿರಿಯರಿಗೆ. ರೊಟ್ಟಿ, ಕೋಳಿ ಸಾರು, ಸುಕ್ಕ, ಅನ್ನ. "ನಮ್ಮಿಂದ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಉಂಡು ಹೋಗಿ, ಈ ಮಕ್ಕಳನ್ನು ಇಲ್ಲಿಗೆ ಎಳೀಬೇಡಿ," ಎಂದು ಕೈಮುಗಿದರು. ಸತ್ತವರು ಉಣ್ಣಲೆಂದು ಪದ್ಧತಿಯಂತೆ ಹೊರಗೆ ಬಂದು ಬಾಗಿಲು ಹಾಕಿ ನಿಂತೆವು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು. ಕರುಂ. ಕುರುಂ. ಯಾರೋ ರೊಟ್ಟಿ ಮುರಿಯುತ್ತಿದ್ದರು.

ಹೆಂಡತಿ ನನ್ನ ಅಂಗಿ ಹಿಡಿದಳು. ಅತ್ತೆಯ ಮುಖ ಬಿಳಚಿತು. "ನಲವತ್ತು ವರ್ಷದಿಂದ ಬಡಿಸ್ತಾ ಇದ್ದೇನೆ," ಎಂದು ಪಿಸುಗುಟ್ಟಿದರು, "ಇವತ್ತಿನವರೆಗೆ ಒಂದು ಅಗುಳೂ ಅಲುಗಿದ್ದಿಲ್ಲ."

ಸದ್ದು ನಿಂತ ಮೇಲೆ ನಾನು ಮೂರು ಸಲ ಕೆಮ್ಮಿ ಬಾಗಿಲು ತೆಗೆದೆ. ಎರಡೂ ಎಲೆ ಒರೆಸಿದಂತೆ ಖಾಲಿ. ಮೂಳೆಗಳು ಎಲೆಯ ಮೂಲೆಗೆ ಸರಿದಿದ್ದವು. ಬಚ್ಚಲಿನಿಂದ ಕೈ ಒರೆಸಿಕೊಳ್ಳುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಮೀಸೆಯವರು ಬಂದರು. ಹೆಂಡತಿ ಕಿರುಚಿದಳು. ನಾನೂ ಕಿರುಚಿದೆ, ಸುಳ್ಳು ಯಾಕೆ ಹೇಳಲಿ. ಬಂದವರು ಹೊಸಬರೇ. ಸೌದಿಗೆ ಹೋಗದೆ ಒಳಗೆ ಮಲಗಿದ್ದರಂತೆ, ಕೋಳಿಯ ಪರಿಮಳಕ್ಕೆ ಎಚ್ಚರವಾಯಿತಂತೆ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸೋಫಾ, ಟೀವಿ, ಪೆಟ್ಟಿಗೆ, ಸೂಟು, ಎಲ್ಲ ಹೇಳಿಬಿಟ್ಟೆ. ಕೇಳುತ್ತಾ ಸೋಫಾದಲ್ಲಿ ಕುಳಿತಿದ್ದವರು ಮೆಲ್ಲಗೆ ಎದ್ದು ನಿಂತರು.

"ಹಾಗಾದರೆ ಮನೆ ಬಿಡುತ್ತೀರಾ?" ಎಂದೆ. ನಮ್ಮ ಸಾಮಾನುಗಳು ಆ ಲಿಫ್ಟಿನಲ್ಲಿ ಮೇಲೆ ಬರುವುದು ನನಗೆ ಆಗಲೇ ಕಾಣುತ್ತಿತ್ತು.

"ಯಾಕೆ ಬಿಡಲಿ?" ಎಂದರು. "ನಮ್ಮ ಹೆಸರಿನವರನ್ನು ನೆನೆದು ಯಾರಾದರೂ ಅಡುಗೆ ಮಾಡಿದ್ದು ನಾನು ಕೇಳಿಯೇ ಇಲ್ಲ. ಇಲ್ಲೇ ಇರುತ್ತೇನೆ."

ಹೆಂಡತಿ ಅಂಗಿ ಬಿಟ್ಟಳು. ಅತ್ತೆಗೆ ನಾನು ಅರ್ಥ ಹೇಳಿದೆ, ಅವರು ಮತ್ತೊಮ್ಮೆ ಕೈಮುಗಿದರು.

"ಒಂದೇ ಒಂದು ಮಾತು," ಎಂದರು ಎಸ್ಪೊಸಿಟೊ, ನಾವು ಪಾತ್ರೆ ಎತ್ತಿಕೊಂಡು ಹೊರಡುವಾಗ. "ಮುಂದಿನ ಸಲ ಮೂರು ಎಲೆ ಹಾಕಿ. ಒಂದು ನನಗೆ ಸಾಲಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಕಿಟಕಿಯ ಹತ್ತಿರದ್ದು ಖಾಲಿಯಾಗಿತ್ತು."