ಸ್ಟಾಂಪರ್ ವಂಶದ ಮೊದಲ ಕೊಂಡಿ

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮೆಕ್ಕೆಜೋಳದ ರೊಟ್ಟಿಯ ಕೊನೇ ತುಂಡಿನಿಂದ ತಟ್ಟೆ ಒರೆಸುತ್ತಾ ಡೆಲ್ಬರ್ಟ್ ಸ್ಟಾಂಪರ್, ತಾನಿನ್ನು ಬರೀ ಡೆಲ್ಬರ್ಟ್ ಆಗಿ ಸಾಯುವವನಲ್ಲ ಎಂದು ಘೋಷಿಸಿದ. ಕೌಂಟಿಯಲ್ಲಿ 'ಮೊದಲ ನೆಲೆಗಾರರ ವಂಶಸ್ಥರ ಸಂಘ' ಅಂತ ಒಂದಿತ್ತು. ತನ್ನ ಮೂಲಪುರುಷ ಆ ಬೆಟ್ಟಗಳಿಗೆ ಮೊದಲು ಬಂದವರಲ್ಲೊಬ್ಬ ಎಂದು ಕಾಗದ ಸಮೇತ ತೋರಿಸಿದವನಿಗೆ ಅವರು ಅಕ್ಟೋಬರಿನಲ್ಲಿ ಭರ್ಜರಿ ಊಟ ಹಾಕಿ, ಗಾಜಿನ ಚೌಕಟ್ಟಿನ ಪ್ರಮಾಣಪತ್ರ ಕೊಡುತ್ತಿದ್ದರು. ಮೂವತ್ತೆಂಟು ವರ್ಷ ಕೆಂಟಕಿಯ ಆ ಮೂಲೆಯ ರಸ್ತೆಗಳಿಗೆಲ್ಲ ಜಲ್ಲಿ ಹಾಸಿ ನಿವೃತ್ತನಾದ ಮನುಷ್ಯ ಅವನು. ಇನ್ನೂರು ವರ್ಷ ಹಿಂದಕ್ಕೆ ಒಂದು ರಸ್ತೆ ಮಾಡುವುದು ಅವನಿಗೆ ಯಾವ ಮಹಾ ಕೆಲಸ?

"ಈ ಕಾಡಿಗೆ ಮೊದಲು ಕೊಡಲಿ ಹಾಕಿದೋನು ನಮ್ಮ ಐಸಾಕ್ ಸ್ಟಾಂಪರ್," ಅಂದ.

"ಹಾಗಂತ ಯಾರು ಹೇಳಿದ್ದು?" ಎಂದಳು ಹೆಂಡತಿ ನೋಲಾ.

"ನಮ್ಮಪ್ಪ."

"ನಿಮ್ಮಪ್ಪ ತಾನು ಕರಡಿ ಜೊತೆ ಕುಸ್ತಿ ಆಡಿದ್ದೆ ಅಂತಾನೂ ಹೇಳ್ತಿದ್ದ."

"ನಿನಗೆ ಅರ್ಥ ಆಗಲ್ಲ ಬಿಡು. ನಿಮ್ಮ ತಾತ ಮೊನ್ನೆ ಮೊನ್ನೆ ಹಂಗೇರಿಯಿಂದ ಬಂದು ಹಡಗು ಇಳಿದು ಕಲ್ಲಿದ್ದಲು ಗಣಿಗೆ ಹೋದೋನು. ನಿಮ್ಮದೂ ಒಂದು ವಂಶವೃಕ್ಷವಾ? ಕುಂಡದಲ್ಲಿಡೋ ಸಸಿ."

ನೋಲಾ ಅವನ ತಟ್ಟೆ ಎತ್ತಿಕೊಂಡು ಹೋದಳು. ತುತ್ತು ಇನ್ನೂ ಅವನ ಕೈಯಲ್ಲೇ ಇತ್ತು.

ಅವತ್ತಿನಿಂದ ಡೆಲ್ಬರ್ಟ್ ಹಗಲೆಲ್ಲ ಕೌಂಟಿ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಬಿದ್ದಿರತೊಡಗಿದ. ಅಲ್ಲಿ ಜಮೀನಿನ ಪತ್ರ, ಉಯಿಲು, ಮದುವೆ ದಾಖಲೆಗಳು ಚಪ್ಪಡಿ ಕಲ್ಲಿನಷ್ಟು ದಪ್ಪದ ಪುಸ್ತಕಗಳಲ್ಲಿದ್ದವು. ಅವನ್ನು ಕಾಯುತ್ತಿದ್ದವಳು ಇಮೋಜೀನ್ ಎಂಬ ಗುಮಾಸ್ತೆ. ಪೆನ್ನು ಹಿಡಿದು ಬಂದವರನ್ನು ಬಾಗಿಲಲ್ಲೇ ತಡೆದು ಪೆನ್ಸಿಲ್ ಕೊಡುವ ಶಿಸ್ತಿನ ಹೆಂಗಸು. ಮನೆಗೆ ಬಂದರೆ ಕಂಪ್ಯೂಟರ್. ವಂಶಾವಳಿ ಹುಡುಕುವ ಜಾಲತಾಣವೊಂದಕ್ಕೆ ಸೇರಿಕೊಂಡು, ಯಾರೋ ದೂರದ ದಾಯಾದಿ ಕಟ್ಟಿಟ್ಟ ಮರವನ್ನು ಬೇರುಸಹಿತ ಎತ್ತಿ ತನ್ನದಕ್ಕೆ ನೆಟ್ಟುಕೊಂಡ. ಒಂದೇ ವಾರದಲ್ಲಿ ಅವನಿಗೆ ಸ್ಕಾಟ್ಲೆಂಡಿನ ರಾಜನೊಬ್ಬ ತಾತನಾದ.

ನೋಲಾ ಹಿಂದಿನಿಂದ ಬಗ್ಗಿ ನೋಡಿದಳು. "ಈ ನಿಮ್ಮ ಮುತ್ತಜ್ಜಿ ಮೊದಲ ಮಗು ಹೆತ್ತಾಗ ಅವಳಿಗೆ ನಾಲ್ಕು ವರ್ಷ."

"ಆಗಿನ ಕಾಲದಲ್ಲಿ ಬೇಗ ಮದುವೆ ಮಾಡ್ತಿದ್ರು," ಎಂದ ಡೆಲ್ಬರ್ಟ್. ಆಮೇಲೆ ಗುಟ್ಟಾಗಿ ತಿದ್ದಿದ. ರಾಜ ಹೋದ, ಅವನ ಜಾಗಕ್ಕೆ ಚರ್ಮ ಹದ ಮಾಡುವವನೊಬ್ಬ ಬಂದ.

"ನಾನೆಲ್ಲಿದ್ದೀನಿ ಇದರಲ್ಲಿ?" ಅಂತ ಕೇಳಿದಳು ನೋಲಾ.

ಅವನು ತೋರಿಸಿದ. ಒಂದು ಬೂದು ಚೌಕ. 'ಜೀವಂತವಾಗಿದ್ದಾರೆ. ವಿವರ ಗೋಪ್ಯ.'

"ಇಷ್ಟೇನಾ?"

"ಸತ್ತ ಮೇಲೆ ಹೆಸರು ಬರುತ್ತೆ ಕಣೇ. ನಿಯಮ ಹಾಗಿದೆ."

ಜೂನ್ ಹೊತ್ತಿಗೆ ಐಸಾಕ್ ಸಿಕ್ಕೇಬಿಟ್ಟ. ಸಾವಿರದ ಎಂಟುನೂರ ಹನ್ನೊಂದರ ಜಮೀನು ಪತ್ರದಲ್ಲಿ ಸಹಿಗೆ ಬದಲು ಒಂದು ಗೀಟು ಎಳೆದಿದ್ದ. ಡೆಲ್ಬರ್ಟ್ ಆ ಗೀಟಿನ ಫೋಟೋ ತೆಗೆದು, ಜಾಲತಾಣದಲ್ಲಿನ ತನ್ನ ವಂಶವೃಕ್ಷದ ಕೊಂಡಿ ಸಮೇತ ಅರವತ್ತಮೂರು ಜನ ನೆಂಟರಿಗೆ ಕಳಿಸಿದ. 'ನಿಮ್ಮ ರಕ್ತವನ್ನು ನೀವೇ ನೋಡಿ' ಅಂತ ಒಕ್ಕಣೆ.

ಸಂಘದ ಅರ್ಜಿ ಬಂತು. ಅದರಲ್ಲೊಂದು ತೊಡಕಿತ್ತು. ವಂಶವನ್ನು ಐಸಾಕ್‌ನಿಂದಲ್ಲ, ಅರ್ಜಿದಾರನಿಂದ ಶುರುಮಾಡಬೇಕು. ಮೊದಲ ಕೊಂಡಿ: ಅರ್ಜಿದಾರನ ಜನನ, ಅರ್ಜಿದಾರನ ಮದುವೆ, ಎರಡಕ್ಕೂ ನಕಲು. ಐದು ನಿಮಿಷದ ಕೆಲಸ ಎಂದುಕೊಂಡು ಡೆಲ್ಬರ್ಟ್ ಇಮೋಜೀನ್ ಹತ್ತಿರ ಹೋದ.

ಅವಳು ಎಪ್ಪತ್ತೊಂಬತ್ತರ ಪುಸ್ತಕ ತೆಗೆದು ಹಾಳೆ ಮಗುಚುತ್ತಾ ಹೋದಳು. ಏಪ್ರಿಲ್ ಹಾಳೆಯ ಹತ್ತಿರ ಅವಳ ಬೆರಳು ನಿಂತಿತು. ಅಲ್ಲಿ ಡೆಲ್ಬರ್ಟ್ ಸ್ಟಾಂಪರ್ ಅಂತಿತ್ತು, ಪಕ್ಕದಲ್ಲಿ ಗ್ಲೆಂಡಾ ರಸ್ಕ್ ಅಂತಿತ್ತು. ಡೆಲ್ಬರ್ಟನ ಕಿವಿ ಕೆಂಪಾಯಿತು. "ಅದಲ್ಲ, ಮುಂದೆ, ಮುಂದೆ," ಅಂದ. ಇಮೋಜೀನ್ ಏನೂ ಕಾಣದವಳಂತೆ ಸೆಪ್ಟೆಂಬರಿಗೆ ಹೋದಳು.

ಅಲ್ಲಿ ನೋಲಾ ಇದ್ದಳು. ಹಾಳೆಯ ಮೇಲರ್ಧದಲ್ಲಿ ಮದುವೆ ಪರವಾನಗಿಗೆ ಅರ್ಜಿ, ಇಬ್ಬರ ಸಹಿ. ಮದುವೆ ಮಾಡಿಸಿದ ಪಾದ್ರಿಯ ಕಾಗದ ವಾಪಸ್ ಬಂದ ಮೇಲೆ ತುಂಬಬೇಕಾದ ಕೆಳಗರ್ಧ ಖಾಲಿ.

"ಪಾದ್ರಿ ಕಾಗದ ಬಂದೇ ಇಲ್ಲ, ಡೆಲ್ಬರ್ಟ್," ಎಂದಳು ಇಮೋಜೀನ್. "ಕಾನೂನಿನ ಪ್ರಕಾರ ಮದುವೆಗೇನೂ ಧಕ್ಕೆ ಇಲ್ಲ. ಆದ್ರೆ ನಮ್ಮ ಪುಸ್ತಕದಲ್ಲಿ ನೀವು ಮದುವೆ ಆಗಿಲ್ಲ." ದನಿ ತಗ್ಗಿಸಿ, "ಎರಡು ಸಲ," ಎಂದು ಸೇರಿಸಿದಳು.

"ಈಗೇನು ಮಾಡೋದು?"

"ಇಬ್ಬರೂ ಬಂದು, ಮದುವೆ ಆದದ್ದು ಹೌದು ಅಂತ ಪ್ರಮಾಣ ಮಾಡಿದ್ರೆ ದಾಖಲೆ ಮಾಡ್ಕೋತೀವಿ. ಇಬ್ಬರೂ ಬರಬೇಕು."

ಏಪ್ರಿಲ್ ಹಾಳೆಯನ್ನು ನುಂಗಿಕೊಂಡು, ಸೆಪ್ಟೆಂಬರಿನದನ್ನು ಮಾತ್ರ ತಮಾಷೆ ಮಾಡಿ ಅವನು ಮನೆಯಲ್ಲಿ ಹೇಳಿದ. "ನೋಲಾ, ನಲವತ್ತೈದು ವರ್ಷದಿಂದ ನಾವಿಬ್ಬರೂ ಕದ್ದು ಸಂಸಾರ ಮಾಡ್ತಿದೀವಂತೆ."

ನೋಲಾ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಪಾದ್ರಿ ಆ ಕಾಗದ ನಿನ್ನ ಕೈಗೇ ಕೊಟ್ಟರಲ್ಲ. ಹೇಗೂ ಪೇಟೆ ಕಡೆ ಹೋಗ್ತೀಯ, ಕೊಟ್ಟುಬಿಡು ಅಂದ್ರು. ನೀನು ಅದನ್ನ ಕೋಟಿನ ಜೇಬಿಗೆ ಇಟ್ಕೊಂಡೆ. ಕೊಟ್ಟೆಯಾ ಅಂತ ನಾನು ಕೇಳಿದ್ದೆ. ಕೊಟ್ಟೆ ಅಂತ ನೀನಂದಿದ್ದೆ."

"ಮರೆತಿರಬೇಕು ಮಾರಾಯ್ತಿ."

"ಐಸಾಕ್ ಎಳೆದ ಗೀಟು ಹುಡುಕ್ಕೊಂಡು ಬಂದೋನು ನೀನು," ಅಂದಳು. ಆದರೂ ಗುರುವಾರ ಬರುತ್ತೇನೆಂದು ಒಪ್ಪಿದಳು.

ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಅಷ್ಟರಲ್ಲಿ ಜಾಲತಾಣ ತನ್ನ ಕೆಲಸ ಮಾಡಿತು. ಡೆಲ್ಬರ್ಟ್ ತನ್ನ ಮರದಲ್ಲಿ '1979, ಮದುವೆ' ಎಂದು ತುಂಬಿದ್ದೇ ತಡ, ಅದು ಕೌಂಟಿಯ ಹಳೇ ಮದುವೆ ಸೂಚಿಯನ್ನೆಲ್ಲ ಜಾಲಾಡಿ, 'ಶುಭಸುದ್ದಿ, ನಿಮ್ಮ ಸಂಬಂಧಿಯೊಬ್ಬರು ಸಿಕ್ಕಿದ್ದಾರೆ' ಎಂದು ಅರವತ್ತಮೂರು ಜನಕ್ಕೂ ಏಕಕಾಲಕ್ಕೆ ತಿಳಿಸಿತು. ಹಳೇ ಸೂಚಿಯಲ್ಲಿ ಸಿಕ್ಕ ಹೆಸರಿಗೆ ಗೋಪ್ಯದ ನಿಯಮವಿರಲಿಲ್ಲ. ಮೊದಲ ಫೋನು ಡೆಲ್ಬರ್ಟನ ಅಕ್ಕ ವರ್ನಾಳದು. ಎತ್ತಿದವಳು ನೋಲಾ.

"ನೋಲಾ, ಏಪ್ರಿಲ್‌ನಲ್ಲಿ ಮದುವೆ ಅಂತ ಡೆಲ್ಬರ್ಟ್ ಪಕ್ಕ ನಿಂತಿರೋ ಈ ಗ್ಲೆಂಡಾ ರಸ್ಕ್ ಯಾರೇ? ನಿನ್ನ ಚೌಕ ಎರಡನೇದಾಗಿದೆ."

ನೋಲಾ ಫೋನಿಟ್ಟು ಹಿತ್ತಲಿಗೆ ಬಂದಳು. ಅವನು ಹುರುಳಿಕಾಯಿ ಬಳ್ಳಿಗೆ ಕೋಲು ಕಟ್ಟುತ್ತಿದ್ದ.

"ಗ್ಲೆಂಡಾ ರಸ್ಕ್ ಯಾರು?"

"ಯಾವ ಗ್ಲೆಂಡಾ?"

"ಏಪ್ರಿಲ್ ಗ್ಲೆಂಡಾ."

ಅವನು ಹೇಳಿದ. ಪರವಾನಗಿ ತೆಗೆದ ವಾರಕ್ಕೇ ಅವಳು ಬೇಡ ಅಂದಳು, ಟೈರ್ ಮಾರುವವನೊಬ್ಬನ ಜೊತೆ ಒಹಾಯೋಗೆ ಹೋದಳು, ಅಷ್ಟೇ ಕಥೆ. "ಮದುವೆ ಆಗ್ಲಿಲ್ಲ ಕಣೇ. ಬರೀ ಅರ್ಜಿ."

"ನನ್ನದೂ ಬರೀ ಅರ್ಜಿನೇ."

ಡೆಲ್ಬರ್ಟ್ ಕೈಯಲ್ಲಿದ್ದ ದಾರವನ್ನು ಸುತ್ತತೊಡಗಿದ.

"ಆ ಆಗಸ್ಟಿನಲ್ಲಿ ತೂಗುಸೇತುವೆ ಮೇಲೆ ನಿಂತು ಏನಂದೆ? ನನ್ನನ್ನ ಮದುವೆ ಆಗ್ತೀಯಾ ಅಂತ ಇದುವರೆಗೆ ಯಾವ ಹುಡುಗಿ ಹತ್ರಾನೂ ಕೇಳಿಲ್ಲ ಅಂದೆ."

"ಅಂದಿರಬಹುದು."

"ಅಂದೆ. ಅದೊಂದು ಮಾತು ನೆನೆಸ್ಕೊಂಡು ನಾನು ನಿನ್ನ ಎಷ್ಟು ತಡ್ಕೊಂಡಿದೀನಿ ಗೊತ್ತಾ?" ಅವಳು ಎಡಗೈ ಮುಂದೆ ಚಾಚಿದಳು. ಮೊದಲಿನಿಂದಲೂ ಸಡಿಲವಾಗಿದ್ದ ಮದುವೆ ಉಂಗುರ ಜಾರದಿರಲೆಂದು ಒಳಗಡೆ ಬಿಳಿ ದಾರ ಸುತ್ತಿತ್ತು. ಹಳೆಯದು ಮಾಸಿದಾಗಲೆಲ್ಲ ಹೊಸದು ಸುತ್ತುತ್ತಾ ಬಂದಿದ್ದಳು. "ಡೆಲ್ಬರ್ಟ್, ಗ್ಲೆಂಡಾ ಬೆರಳು ನನ್ನದಕ್ಕಿಂತ ದಪ್ಪ ಇತ್ತಾ?"

ಅವನು ಬಳ್ಳಿಯನ್ನೇ ನೋಡುತ್ತಾ ನಿಂತ. ಆ ಬಳ್ಳಿಯಲ್ಲಿ ಅಷ್ಟು ನೋಡುವುದೇನೂ ಇರಲಿಲ್ಲ.

ಅವಳು ಒಳಗೆ ಹೋದ ಮೇಲೆ, ಮಾಡಿದ್ದನ್ನು ಸರಿಪಡಿಸಲು ಅವನು ಕಂಪ್ಯೂಟರಿನ ಮುಂದೆ ಕೂತ. ಗ್ಲೆಂಡಾಳನ್ನು ಅಳಿಸಬೇಕಿತ್ತು. ಜಾಲತಾಣ ಏನೋ ಕೇಳಿತು, ಇವನು ಗಾಬರಿಯಲ್ಲಿ ಹೌದು ಎಂದ. ಮತ್ತೇನೋ ಕೇಳಿತು, ಅದಕ್ಕೂ ಹೌದು ಎಂದ. ಕಣ್ಣು ಬಿಟ್ಟು ನೋಡಿದರೆ ಹೋದವಳು ನೋಲಾ. ಅವಳು ಹೆತ್ತ ಇಬ್ಬರು ಹೆಣ್ಣುಮಕ್ಕಳೂ ಅಚ್ಚುಕಟ್ಟಾಗಿ ಗ್ಲೆಂಡಾಳ ಕೆಳಗೆ ಬಂದು ಕೂತಿದ್ದರು. ಮತ್ತೆ ವರ್ನಾಳ ಫೋನು ಬಂತು. ನೋಲಾ ಕೇಳಿಸಿಕೊಂಡು ಇಷ್ಟೇ ಹೇಳಿದಳು: "ಒಬ್ಬಳನ್ನ ಹೆರೋಕೆ ಹತ್ತೊಂಬತ್ತು ಗಂಟೆ ಹಿಡೀತು, ವರ್ನಾ. ಅದು ಗ್ಲೆಂಡಾಗೆ ಗೊತ್ತಿದೆಯಾ ಕೇಳು."

ಆದರೂ ಗುರುವಾರ ನೋಲಾ ಚರ್ಚಿಗೆ ತೊಡುವ ನೀಲಿ ಉಡುಪು ಹಾಕಿಕೊಂಡು ಕಾರಿನಲ್ಲಿ ಬಂದು ಕೂತಳು. ಬಂದಳಲ್ಲ, ಅಂದರೆ ಕ್ಷಮಿಸಿದಳು ಎಂದು ಲೆಕ್ಕ ಹಾಕಿದ ಡೆಲ್ಬರ್ಟ್, ಕೋರ್ಟ್ ಮೆಟ್ಟಿಲ ಮೇಲೆ ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಇಮೋಜೀನ್ ಮೊದಲು ಡೆಲ್ಬರ್ಟನ ಪ್ರಮಾಣ ತೆಗೆದುಕೊಂಡಳು. ಆಮೇಲೆ ನೋಲಾಳ ಬಲಗೈ ಮೇಲೆತ್ತಿಸಿ ಓದಿದಳು: "ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೇ ಇಸವಿ ಸೆಪ್ಟೆಂಬರ್ ಹದಿನೈದರಂದು ನೀವು ಇವರನ್ನೂ ಇವರು ನಿಮ್ಮನ್ನೂ ಮದುವೆ ಆದದ್ದು ಸತ್ಯ ಅಂತ ಪ್ರಮಾಣ ಮಾಡ್ತೀರಾ?"

"ನಾನು ಇವನನ್ನ ಮದುವೆ ಆದದ್ದು ಸತ್ಯ," ಎಂದಳು ನೋಲಾ. ಕೈ ಮೇಲೆಯೇ ಇತ್ತು. "ಇವನು ನನ್ನನ್ನ ಆದನಾ, ಅಥವಾ ಯಾರೋ ಬಿಟ್ಟುಹೋದ ಜಾಗಕ್ಕೆ ನನ್ನ ತುಂಬಿಸ್ಕೊಂಡನಾ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೇಗೆ ಪ್ರಮಾಣ ಮಾಡಲಿ?"

ಇಮೋಜೀನ್ ಕನ್ನಡಕ ತೆಗೆದಳು. "ಅರ್ಧ ವಾಕ್ಯಕ್ಕೆ ಸಹಿ ತಗೊಳ್ಳೋಕೆ ಬರಲ್ಲ, ನೋಲಾ."

"ಹಾಗಾದ್ರೆ ಇರಲಿ ಬಿಡಿ," ಎಂದು ನೋಲಾ ಕೈ ಇಳಿಸಿದಳು.

ಅವಳು ಮನೆ ಬಿಟ್ಟೇನೂ ಹೋಗಲಿಲ್ಲ. ಅಡುಗೆ ಮಾಡಿದಳು, ಅವನ ರಕ್ತದೊತ್ತಡದ ಗುಳಿಗೆ ಎಣಿಸಿಟ್ಟಳು, ಉಂಗುರ ಮಾತ್ರ ತೆಗೆದು ಹೊಲಿಗೆ ಡಬ್ಬಿಯಲ್ಲಿ ಹಾಕಿದಳು. ಮೊದಲ ಕೊಂಡಿ ಇಲ್ಲದ ಕಾರಣ ಸಂಘದವರು ಅರ್ಜಿ ವಾಪಸ್ ಕಳಿಸಿದರು. ಇನ್ನೂರು ವರ್ಷದ ರಸ್ತೆ ಡೆಲ್ಬರ್ಟನ ಮನೆ ಬಾಗಿಲಿಗೆ ಆರು ಅಡಿ ದೂರದಲ್ಲಿ ನಿಂತುಹೋಯಿತು. ಅಕ್ಟೋಬರಿನ ಊಟದ ದಿನ ಅವನು ಮನೆಯಲ್ಲೇ ಕೂತು ಹುರುಳಿಕಾಯಿ ಸಾರು ಉಂಡ.

ಮರುದಿನ ಭಾನುವಾರ ಚರ್ಚಿನಲ್ಲಿ, ಊರಿಗೆ ಹೊಸದಾಗಿ ಬಂದಿದ್ದ ಪಾದ್ರಿ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದರು. ಡೆಲ್ಬರ್ಟನ ಪಕ್ಕದಲ್ಲಿದ್ದ ನೋಲಾಳನ್ನು ಕಂಡು, "ನೀವು ಮಿಸೆಸ್ ಸ್ಟಾಂಪರ್ ಇರಬೇಕು," ಎಂದು ಕೈ ಚಾಚಿದರು.

ನೋಲಾ ಆ ಕೈ ಕುಲುಕಿ, ಬಹಳ ಮರ್ಯಾದೆಯಿಂದ ಹೇಳಿದಳು: "ಇನ್ನೂ ಇಲ್ಲ, ಸ್ವಾಮಿ. ಇವರು ಅರ್ಜಿ ಹಾಕಿದಾರೆ. ನಾನು ಪರಿಶೀಲಿಸ್ತಿದೀನಿ."