ನಡುವಿನ ನಡುಕ

ಎಲ್ಲಕ್ಕೂ ಕಾರಣ ಅಣ್ಣ ನಾಲಿಗೆ ಕಚ್ಚಿಕೊಂಡಿದ್ದು.

ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಪ್ರೆಸ್ಸಿಗೆ ಹೊರಟಿದ್ದರು. ಸೇತುವೆಯ ಏರಿನಲ್ಲಿ ತಮ್ಮ ಆಕ್ಸಿಲರೇಟರ್ ತಿರುವಿದ್ದೇ ತಡ, ಹಳೆಯ ಬೈಕು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಹಿಂದೆ ಕೂತಿದ್ದ ಅಣ್ಣ ಸರಿಯಾಗಿ ಅದೇ ಹೊತ್ತಿಗೆ "ಇವತ್ತು ಜಾಸ್ತಿ..." ಎಂದು ಬಾಯಿ ತೆರೆದಿದ್ದ. ಗೇಟಿನ ಮುಂದೆ ಇಳಿದವನು ಕರವಸ್ತ್ರ ಬಾಯಿಗೊತ್ತಿಕೊಂಡು, "ಇಡು ಗಾಡಿ ಅಲ್ಲ, ಹಿಟ್ಟಿನ ಗಿಡಣಿ" ಎಂದು ತೊದಲಿ ಒಳಗೆ ನಡೆದ.

ತಮ್ಮ ಗೇಟಿನಲ್ಲೇ ನಿಂತು ಬೈಕನ್ನು ದುರುಗುಟ್ಟಿ ನೋಡಿದ. ಅಣ್ಣ ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುವವನು, ತಮ್ಮ ಬೈಂಡರು. ಮನೆಯೂ ಒಂದೇ: ಮಹಡಿಯಲ್ಲಿ ಅಣ್ಣನ ಸಂಸಾರ, ಕೆಳಗೆ ತಮ್ಮನದು. ಬೈಕು ಅಪ್ಪನದು, ಈಗ ಇಬ್ಬರದೂ. ಇಷ್ಟೆಲ್ಲ ಒಂದೇ ಆದರೂ ಮಾತು ಮಾತ್ರ ಹೆಚ್ಚುಕಡಿಮೆ ಬಿಟ್ಟುಹೋಗಿತ್ತು. ಶಾಲೆಯ ಭೂಗೋಳದ ಪುಸ್ತಕ ಅಚ್ಚಾದಾಗ ತಮ್ಮ ಸಮುದ್ರಗಳ ಅಧ್ಯಾಯವನ್ನು ತಲೆಕೆಳಗಾಗಿ ಹೊಲಿದಿದ್ದ. ಅಣ್ಣ ಮಾಲೀಕರೆದುರೇ, "ಸಮುದ್ರದ ನೀರೆಲ್ಲ ಚೆಲ್ಲಿಹೋಯ್ತಲ್ಲೋ, ಕಣ್ಣು ಮುಚ್ಕೊಂಡು ಹೊಲೀತೀಯಾ?" ಅಂದ. ತಮ್ಮ ಬಿಡಲಿಲ್ಲ. ರಟ್ಟು ತೋರಿಸಿ, "ನೀನು ಕಣ್ಣು ಬಿಟ್ಕೊಂಡೇ ಓದಿದ್ಯಲ್ಲ, ಇಲ್ಲೇನಿದೆ ನೋಡು" ಅಂದ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಭೂಗೋಳು' ಎಂದಿತ್ತು. ಇಡೀ ಪ್ರೆಸ್ಸು ಬಿದ್ದು ಬಿದ್ದು ನಕ್ಕಿತು. ಅಣ್ಣತಮ್ಮಂದಿರ ಗೋಳು ಅಂದೇ ಶುರುವಾಯಿತು. ಯಾರು ಮೊದಲು ಮಾತಾಡಬೇಕು ಎಂಬುದೊಂದು ತೀರ್ಮಾನವಾಗದೆ ವರ್ಷ ಕಳೆದಿತ್ತು.

ಈ ದರಿದ್ರ ನಡುಕ ಒಂದು ಹೋದರೆ ಅಣ್ಣನ ಮುಖ ಸಡಿಲವಾಗುತ್ತದೆ ಎಂದು ತಮ್ಮನಿಗೆ ಅನ್ನಿಸಿತು. ರಜೆ ಹೇಳಿ ಬೈಕನ್ನು ಮನೆಗೆ ತಂದ.

ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಹಳೆಯ ಕರಡು ಹಾಳೆಗಳನ್ನು ಹಾಸಿ, ಸ್ಪ್ಯಾನರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ತಾತ ಕಾಂಪೌಂಡಿನ ಮೇಲೆ ಗದ್ದ ಊರಿದ್ದರು.

"ಏನಪ್ಪಾ, ಬಾಣಂತಿ ಥರ ಕೂರಿಸಿದೀಯ?"

"ನಡುಗುತ್ತೆ ತಾತ."

"ನಿಂತಾಗಲೂ ನಡುಗುತ್ತೋ, ಓಡುವಾಗ ಮಾತ್ರವೋ? ನಿಂತಲ್ಲೇ ರೇಸ್ ಕೊಡು. ಆಗಲೂ ನಡುಗಿದ್ರೆ ಇಂಜಿನ್ ಕಡೆ ದೋಷ. ಇಲ್ದಿದ್ರೆ ಚಕ್ರ, ಚೈನು."

ಮಾತು ಸರಿಯಾಗೇ ಇತ್ತು. ತಾತ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಡುಕವನ್ನು ಅಳೆಯಬೇಕು ಎಂದು ಒಳಗಿನಿಂದ ಒಂದು ಗಾಜಿನ ಲೋಟ ತರಿಸಿ, ತುಂಬ ನೀರು ಹಾಕಿಸಿ, ಸೀಟಿನ ಮೇಲೆ ಇಡಿಸಿದರು. ತಮ್ಮ ರೇಸ್ ಕೊಟ್ಟ. ಲೋಟ ಹೊಸ ಮದುವಣಗಿತ್ತಿಯ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಸೀಟಿನ ಅಂಚಿನವರೆಗೆ ನಡೆದು, ಅಲ್ಲಿಂದ ಧುಮುಕಿತು.

"ಇಂಜಿನ್ನೇ!" ಎಂದರು ತಾತ, ಚೂರುಗಳನ್ನು ನೋಡಿ ತೃಪ್ತಿಯಿಂದ.

"ನನ್ನ ತವರಿನ ಲೋಟ!" ಎಂದಳು ಹೆಂಡತಿ ಬಾಗಿಲಲ್ಲಿ. ಅವಳ ಹಿಂದೆಯೇ ಅವಳ ತಮ್ಮ ಮೊಬೈಲ್ ಹಿಡಿದು ಬಂದ. ಜಗತ್ತಿನ ಎಲ್ಲ ಯಂತ್ರಗಳ ಬಗ್ಗೆಯೂ ವಿಡಿಯೋ ನೋಡಿ ಮುಗಿಸಿದ್ದ ಭಾವಮೈದ ಅವನು.

"ಭಾವ, ಇದು ಕಾರ್ಬುರೇಟರ್. ಕಣ್ಣು ಮುಚ್ಕೊಂಡು ಹೇಳ್ತೀನಿ."

"ಕಣ್ಣು ಬಿಟ್ಟು ಹೇಳಿದ್ರೆ ಒಳ್ಳೇದಿತ್ತು" ಎಂದು ತಮ್ಮ ಗೊಣಗುವಷ್ಟರಲ್ಲಿ ಕಾರ್ಬುರೇಟರ್ ಬಿಚ್ಚಿಯಾಗಿತ್ತು. ಒಳಗಿದ್ದ ಸಣ್ಣ ಸ್ಪ್ರಿಂಗು ಟಣ್ಣೆಂದು ಹಾರಿತು. ಅದನ್ನು ಹುಡುಕಲು ತಾತನೂ ಈಚೆ ಬಂದರು. ಮೂವರೂ ಚರಂಡಿಗೆ ಬಗ್ಗಿದರು, ಹೂಕುಂಡದ ಮಣ್ಣು ಕೆದಕಿದರು. ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಮಸಿಗೈಯಲ್ಲಿ ಕೊಡವಿ ನೋಡಿದ ಮೇಲೆ ಹೆಂಡತಿ ಅವರ ಜೊತೆ ಮಾತು ನಿಲ್ಲಿಸಿದಳು. ಊಟದ ಹೊತ್ತಿಗೆ ತಾತ ಕನ್ನಡಕಕ್ಕೆಂದು ಅಂಗಿಯ ಜೇಬಿಗೆ ಕೈ ಹಾಕಿದಾಗ ಸ್ಪ್ರಿಂಗು ಸಿಕ್ಕಿತು.

ಎಲ್ಲ ಜೋಡಿಸಿ ಕಿಕ್ ಹೊಡೆದರೆ ಬೈಕು ಈಗ ನಡುಗುವುದರ ಜೊತೆಗೆ ಕೆಮ್ಮಲೂ ತೊಡಗಿತ್ತು.

ಬೇರೆ ದಾರಿ ಕಾಣದೆ ತಮ್ಮ ಅದನ್ನು ವೃತ್ತದ ಗ್ಯಾರೇಜಿಗೆ ಒಯ್ದ. ಗ್ಯಾರೇಜಿನವನು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕೊನೆಯುಸಿರು ಪರೀಕ್ಷಿಸುವ ಡಾಕ್ಟರನ ಗಾಂಭೀರ್ಯದಿಂದ ಕಣ್ಣು ಮುಚ್ಚಿದ. ಅಲ್ಲಿ ಇಲ್ಲಿ ಒಂದು ತಿರುಪು ತಿರುಗಿಸಿ ಕೆಮ್ಮು ನಿಲ್ಲಿಸಿದ. ಆಮೇಲೆ, "ನಡುಕ ಮಾತ್ರ ಬೇರಿಂಗಿಂದು. ಇಂಜಿನ್ ಪೂರ್ತಿ ಬಿಚ್ಬೇಕು. ಬಿಟ್ಟು ಹೋಗಿ, ತಿಂಗಳಾದ ಮೇಲೆ ಬನ್ನಿ" ಎಂದ.

ತಿಂಗಳು! ಅಲ್ಲಿಯವರೆಗೆ ಅಣ್ಣ ಬಸ್ಸಿನಲ್ಲಿ ಹೋದರೆ ಮುಖ ನೋಡುವುದೂ ತಪ್ಪುತ್ತದೆ. ತಮ್ಮ ಬೈಕನ್ನು ವಾಪಸ್ ತಂದು, ಅಂಗಳದಲ್ಲಿ ಇಂಜಿನ್ ಆರಿಸದೆ, ಸೋತವನಂತೆ ನೆಲದ ಮೇಲೆ ಕುಸಿದ. ಏಳಲೆಂದು ಒಂದು ಕೈಯಲ್ಲಿ ಚೌಕಟ್ಟಿನ ಕೊಳವೆ ಹಿಡಿದ. ಇನ್ನೊಂದು ಕೈ ಇಂಜಿನ್ನಿನ ಬುಡಕ್ಕೆ ತಾಗಿತು. ಕೈಸುಟ್ಟರೂ ತೆಗೆಯಲಿಲ್ಲ. ಎರಡೂ ಬೇರೆ ಬೇರೆ ತಾಳದಲ್ಲಿ ನಡುಗುತ್ತಿದ್ದವು! ಹೊಲಿಗೆ ಬಿಟ್ಟ ಪುಸ್ತಕವನ್ನು ಅಂಗೈಯಲ್ಲಿಟ್ಟರೆ ರಟ್ಟು ಒಂದು ಕಡೆ, ಹಾಳೆ ಒಂದು ಕಡೆ ಜಾರುವುದು ಅವನ ಕೈಗೆ ಗೊತ್ತಿದ್ದ ವಿಷಯ. ಅಲ್ಲಿ ಮೆತ್ತಿದ್ದ ಮಣ್ಣು ಕೆರೆದ. ಇಂಜಿನ್ನನ್ನು ಚೌಕಟ್ಟಿಗೆ ಹಿಡಿದಿಡುವ ಬೋಲ್ಟು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಸ್ಪ್ಯಾನರ್ ಹಾಕಿ ಬಿಗಿದ.

ಬೈಕು ತೊಟ್ಟಿಲ ಕೂಸಿನಂತೆ ಶಾಂತವಾಯಿತು.

"ನಾನು ಬೆಳಿಗ್ಗೆನೇ ಇಂಜಿನ್ ಕಡೆ ಅಂದಿರ್ಲಿಲ್ವಾ?" ಎಂದರು ತಾತ. "ಕಾರ್ಬುರೇಟರ್ ಕ್ಲೀನ್ ಆಗಿದ್ದಕ್ಕೇ ಭಾವ" ಎಂದ ಭಾವಮೈದ. ತಮ್ಮ ಇಬ್ಬರಿಗೂ ಕೈ ಮುಗಿದು, ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು ಸಂಜೆ ಪ್ರೆಸ್ಸಿನ ಗೇಟಿಗೆ ಹೋಗಿ ನಿಂತ.

ಬಸ್ ಸ್ಟಾಪಿನತ್ತ ಹೊರಟಿದ್ದ ಅಣ್ಣ ಅವನನ್ನು ನೋಡಿ ತಿರುಗಿ ಬಂದು ಹತ್ತಿದ. ಬೈಕು ಎಣ್ಣೆಯ ಮೇಲೆ ಜಾರಿದಂತೆ ಹೊರಟಿತು. ದಿನವೂ ಹೆದರಿ ತಮ್ಮನ ಭುಜ ಹಿಡಿಯುತ್ತಿದ್ದ ಅಣ್ಣನ ಕೈ ಇಂದು ಬ್ಯಾಗಿನ ಮೇಲೆ ಆರಾಮಾಗಿ ಕೂತಿತ್ತು. ಸೇತುವೆಯ ಏರು ಬಂತು. ಈಗ ಅನ್ನುತ್ತಾನೆ, 'ಭೇಷ್' ಅನ್ನುತ್ತಾನೆ ಎಂದು ತಮ್ಮ ಕಿವಿಯನ್ನೆಲ್ಲ ಬೆನ್ನಿಗೆ ತಂದುಕೊಂಡ. ಏರು ಮುಗಿಯಿತು. ಇಳಿಜಾರೂ ಮುಗಿಯಿತು. ಮನೆಯ ಮುಂದೆ ಇಳಿದ ಅಣ್ಣ ಬೈಕನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿ, ಏನೋ ಹೇಳಲು ಹೊರಟು, ಬಾಯಿ ಮುಚ್ಚಿ ಮೆಟ್ಟಿಲು ಹತ್ತಿಬಿಟ್ಟ.

"ನಿಮ್ಮಣ್ಣ ಏನಂದ್ರು?" ಹೆಂಡತಿ ಕೇಳಿದಳು.

"ಏನೂ ಇಲ್ಲ."

"ಮತ್ತೆ ದಿನಾ ಏನಾದ್ರೂ ಅಂತಿದ್ರಲ್ಲ?"

ತಮ್ಮನಿಗೆ ಆಗ ಹೊಳೆಯಿತು. ಹೌದು, ದಿನಾ ಅನ್ನುತ್ತಿದ್ದ. "ಇವತ್ತು ಜಾಸ್ತಿ ಕಣೋ." "ಹೂಂ, ಜಾಸ್ತಿ." "ಗುಂಡಿಯಲ್ಲ, ಇಂಜಿನ್ನೇ." "ಇಂಜಿನ್ನೇ." ಒಮ್ಮೆಯಂತೂ, "ಅಪ್ಪ ಈ ನಡುಕಕ್ಕೆ ಏನಂತಿದ್ರು ನೆನಪಿದ್ಯಾ?" ಎಂದು ಶುರುಮಾಡಿ ಗೇಟು ಬರುವವರೆಗೂ ಅಪ್ಪನ ಕತೆ ಹೇಳಿದ್ದ. ವರ್ಷವಿಡೀ ಅವರಿಬ್ಬರ ನಡುವೆ ಉಳಿದಿದ್ದ ಮಾತು ಅದೊಂದೇ. ಅದನ್ನು ತಾನೇ ಸ್ಪ್ಯಾನರ್ ಹಾಕಿ ಬಿಗಿದು ಬಂದಿದ್ದ.

ಕತ್ತಲಾಗುವ ಮೊದಲು, ತಾತನ ಗದ್ದ ಕಾಂಪೌಂಡಿನ ಮೇಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಳ್ಳನ ಹಾಗೆ ಕುಕ್ಕರಗಾಲಲ್ಲಿ ಕೂತು ಬೋಲ್ಟನ್ನು ಮತ್ತೆ ಸಡಿಲಿಸಿದ. ಅಂದು ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಕಿಕ್ ಹೊಡೆದ. ಬೈಕು ನಡುಗಲಿಲ್ಲ. ಇನ್ನಷ್ಟು ರೇಸ್ ಕೊಟ್ಟ. ಊಹೂಂ. ಬಗ್ಗಿ ನೋಡುತ್ತಿದ್ದಾಗ ಮಹಡಿಯಿಂದ ಅತ್ತಿಗೆ ಇಣುಕಿದರು.

"ಏನೂ ಯೋಚನೆ ಮಾಡ್ಬೇಡಪ್ಪ, ನಿಮ್ಮಣ್ಣ ಸರಿಮಾಡಿದಾರೆ. ನೀನೇನು ಮಾಡಿದೀಯ ನೋಡೋಣ ಅಂತ ನಿನ್ನೆ ರಾತ್ರಿ ಊಟಕ್ಕೆ ಮುಂಚೆ ಟಾರ್ಚ್ ಹಿಡ್ಕೊಂಡು ಇಳಿದಿದ್ರು. ಯಾವುದೋ ಬೋಲ್ಟು ಸಡಿಲ ಇತ್ತಂತೆ. ತಪ್ಪು ಕಂಡ್ರೆ ತಿದ್ದದೆ ಬಿಡೋ ಜೀವಾನಾ ಅದು? 'ಪಾಪ, ನನಗೋಸ್ಕರ ರಜ ಹಾಕಿ ಮೈಯೆಲ್ಲ ಮಸಿ ಮಾಡ್ಕೊಂಡಿದಾನೆ, ಅವನ ಕೆಲಸ ಹಾಳಾಗ್ಬಾರ್ದು' ಅಂತ ಬಿಗಿದು, ಅದೇನೋ ಕಬ್ಬಿಣದ ಅಂಟು ತಂದು ಸುರಿದಿದಾರೆ. ಇನ್ನು ಬ್ರಹ್ಮ ಬಂದ್ರೂ ಅಲ್ಲಾಡಲ್ವಂತೆ!"

ಅಣ್ಣ ಇಳಿದು ಬಂದ. ಹತ್ತಿದ. ಬೈಕು ಹೊರಟಿತು.

"ಅಣ್ಣಾ" ಎಂದ ಸೇತುವೆಯ ಮೇಲೆ.

"ಏನು?"

ವರ್ಷದಿಂದ ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೇ ನುಗ್ಗಿ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡವು.

"ಸರಿಯಾಗಿ ಕೂತಿದೀಯಾ?"

"ಹೂಂ."

ಅಷ್ಟೇ. ಮುಂದೆ ರಸ್ತೆ ನುಣ್ಣಗಿತ್ತು, ಬೈಕು ಅದಕ್ಕಿಂತ ನುಣ್ಣಗಿತ್ತು. ಪ್ರೆಸ್ಸಿನ ಹತ್ತಿರ ಎಲ್ಲೋ ಕಿರ್‍ರೆಂದು ಸದ್ದಾಯಿತು. ಬ್ರೇಕಿರಬಹುದೇ? ಚೈನೇ? ತಮ್ಮ ಆಸೆಯಿಂದ ಬೈಕು ನಿಧಾನ ಮಾಡಿ ಕಿವಿಗೊಟ್ಟ.

ಕಾವಲುಗಾರ ಗೇಟು ತೆಗೆಯುತ್ತಿದ್ದ.