ಹದಿನಾಲ್ಕನೇ ತಾರೀಖಿನ ಫಜೀತಿ

ಯಲ್ಲಾಲಿಂಗನ ಫಜೀತಿಗೆಲ್ಲ ಕಾರಣ ಒಂದು ತುತ್ತು ಗಿರಮಿಟ್.

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿರುವ ಮಂಗಲ ಕಾರ್ಯಾಲಯಕ್ಕೆ ಅವನು ಹನ್ನೊಂದು ವರ್ಷದಿಂದ ಮ್ಯಾನೇಜರ್. ಮದುವೆ, ನಿಶ್ಚಯ, ಕುಬಸ ಏನೇ ಇರಲಿ, ಕೇಳಿ ಬಂದವರಿಗೆ ತಾರೀಖು ಕೊಡುವುದು ಅವನ ಕೆಲಸ. ಮನುಷ್ಯ ಒಳ್ಳೆಯವನು, ತಲೆ ಮಾತ್ರ ತೂತು ಬಿದ್ದ ಚೀಲ. ಮೇಲೆ ಸುರಿದದ್ದು ಮನೆ ಮುಟ್ಟುವುದರೊಳಗೆ ಖಾಲಿ. ಹೋದ ವರ್ಷ ಒಂದು ಕುಬಸವನ್ನು ಬರೆದುಕೊಳ್ಳಲು ಮರೆತು ಊರಿಗೆ ಹೋಗಿಬಿಟ್ಟಿದ್ದ. ಹಸಿರು ಸೀರೆ ಉಟ್ಟ ತುಂಬು ಬಸುರಿ ಬೀಗ ಹಾಕಿದ ಬಾಗಿಲ ಮುಂದೆ ಒಂದು ತಾಸು ನಿಂತಿದ್ದಳು. ಕಾರ್ಯಾಲಯದ ಒಡತಿ ಕಾಶೆವ್ವನವರು ಮೇಲವಂಕಿಯಿಂದ ಓಡಿ ಬಂದು ಅಂದೇ ತೀರ್ಪು ಕೊಟ್ಟಿದ್ದರು: "ಇನ್ನೊಮ್ಮೆ ಹಿಂಗ ಆತಂದ್ರ ಕೀಲಿ ಇಲ್ಲಿಟ್ಟು ಮನಿ ಹಾದಿ ಹಿಡಿ."

ಅಂದಿನಿಂದ ಬೆದರಿದ್ದವನಿಗೆ ಉಪಾಯ ಕೊಟ್ಟವನು ಹೆಂಡತಿಯ ತಮ್ಮ ಸ್ವಪ್ನಿಲ್. ಮೊಬೈಲಿನಲ್ಲಿ ಮಾತಾಡುವ ಸಹಾಯಕಿಯೊಬ್ಬಳನ್ನು ಕೂರಿಸಿ, "ಮಾಮಾ, ಈಕಿಗೆ ಬಾಯಿಲೆ ಹೇಳಿದ್ರ ಸಾಕು. ಬರಕೋತಾಳ, ನೆನಪ ಮಾಡ್ತಾಳ, ಫೋನ್ ಹಚ್ಚತಾಳ. ಹತ್ತ ಮಂದಿ ಕೆಲಸ ಒಬ್ಬಾಕಿ ಮಾಡ್ತಾಳ" ಅಂದ. ಏನೆಂದು ಕರೆದರೆ ಅವಳು ಓಗೊಡಬೇಕು ಎಂದು ಸ್ವಪ್ನಿಲ್ ಕೇಳಿದಾಗ ಯಲ್ಲಾಲಿಂಗ ನಾಚಿಕೊಂಡು, "ತಂಗಿ ಅಂತ ಇಡು" ಅಂದಿದ್ದ.

ಒಂದು ತಿಂಗಳು ಸ್ವರ್ಗ. ಯಲ್ಲಾಲಿಂಗ ಹಳೆಯ ರಜಿಸ್ಟರನ್ನು ಅಟ್ಟಕ್ಕೆ ಎಸೆದು, ಕೈ ಹಿಂದೆ ಕಟ್ಟಿಕೊಂಡು, ಸಾಹೇಬರ ಗತ್ತಿನಲ್ಲಿ "ತಂಗಿ, ಬರಕೋ" ಅನ್ನುತ್ತ ಓಡಾಡಿದ. ಆ ದಿನ ಬೆಳಿಗ್ಗೆಯೂ ಹಾಗೇ ಕೇಳಿದ: "ತಂಗಿ, ಈ ತಿಂಗಳ ಏನೇನ ಅದಾವ ಹೇಳು."

ತಂಗಿ ರೇಡಿಯೋ ವಾರ್ತೆಯ ಕನ್ನಡದಲ್ಲಿ ಓದಿದಳು. "ಮೇ ಹದಿನಾಲ್ಕು, ಗುರುವಾರ. ಹುಕ್ಕೇರಿಯ ಲಗಮಣ್ಣನವರ ಮನೆಯ ಮದುವೆ. ಮೇ ಹದಿನಾಲ್ಕು, ಗುರುವಾರ. ಮೂಡಲಗಿಯ ಗುರುಪಾದಪ್ಪನವರ ಮನೆಯ ಮದುವೆ."

ಯಲ್ಲಾಲಿಂಗ ಚಹಾದ ಕಪ್ಪು ಕೆಳಗಿಟ್ಟ. "ಒಂದ ದಿನಕ್ಕ ಎರಡ ಯಾಕ ಬರಕೊಂಡಿ?"

"ಎರಡನೆಯದನ್ನು ಬರೆಯುವ ಮೊದಲು ನಿಮ್ಮನ್ನು ಕೇಳಿದೆ. ನೀವು ಹೂಂ ಹೂಂ ಎಂದಿರಿ."

ಆಗ ನೆನಪಾಯಿತು. ಅಂದು ಬಾಯಿ ತುಂಬ ಗಿರಮಿಟ್ ಇತ್ತು. ಹೂಂ ಹೂಂ ಅಂದದ್ದು ತಂಗಿಗಲ್ಲ, ಇನ್ನೊಂದು ಮೆಣಸಿನಕಾಯಿ ಹಾಕಲೇ ಎಂದು ಕೇಳಿದ ಗಾಡಿಯವನಿಗೆ.

ಇಬ್ಬರೂ ನಾಳೆಯೇ ಲಗ್ನಪತ್ರಿಕೆ ಅಚ್ಚಿಗೆ ಕೊಡುವವರು. ಸಾಲದ್ದಕ್ಕೆ ಕಾಶೆವ್ವನವರು ಸಂಜೆ ಆರಕ್ಕೆ ಬರುವವರಿದ್ದರು. ಅವನು ಬಾಗಿಲ ಮುಂದಿನ ಪಾವಟಿಗೆಯ ಮೇಲೆ ತಲೆಗೆ ಕೈ ಹಚ್ಚಿ ಕೂತದ್ದನ್ನು ಕಂಡು ಬಾಜೂದ ಹೂವಿನ ಅಂಗಡಿಯ ಶ್ರೀಶೈಲ ಅರ್ಧ ಕಟ್ಟಿದ ಮಾಲೆ ಹಿಡಿದೇ ಓಡಿ ಬಂದ. ಪರರ ಕಷ್ಟವೆಂದರೆ ಶ್ರೀಶೈಲನಿಗೆ ಊಟ ಬೇಡ, ನೀರು ಬೇಡ.

"ಒಬ್ಬರನ್ನ ಬಿಡಸು. ಆದ್ರ ಫೋನಿನ್ಯಾಗ ಹೇಳಬ್ಯಾಡ. ಫೋನಿನ್ಯಾಗ ಬೈಯೋದು ಬಾಳ ಹಗರ. ಮಾರಿ ನೋಡಿದ್ರ ಅರ್ಧಾ ಸಿಟ್ಟ ಇಳಿತೈತಿ. ನಿನ್ನ ಮಾರೀನೂ ಹಂಗ ಐತಿ."

"ಖರೇ ಹೇಳಿಬಿಡ್ಲೇನು?"

"ಹುಚ್ಚ! ಕಾರ್ಯಾಲಯದಾಗ ಹೆಜ್ಜೇನ ಕಟ್ಟ್ಯಾವು ಅನ್ನು. ಜೇನಿಗೆ ಹೆದರದವ್ರು ಯಾರದಾರ?"

ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಯಲ್ಲಾಲಿಂಗ ಹುಕ್ಕೇರಿ ಬಸ್ಸು ಹತ್ತಿದ.

ಲಗಮಣ್ಣ ಒಂದು ಕಾಲಕ್ಕೆ ಪೈಲವಾನ. ಈಗಲೂ ಅವನ ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಸುರುವಾಗುತ್ತದೆ ಎಂದು ಹೇಳುವುದು ಕಷ್ಟ. ಕರದಂಟಿನ ಪೊಟ್ಟಣವನ್ನು ಒಂದೇ ಬೆರಳಿನಿಂದ ಬಿಚ್ಚಿ, "ಏನ್ರಿ ಮ್ಯಾನೇಜರ್, ಇಷ್ಟ ದೂರ?" ಅಂದ. ಬಾಗಿಲಲ್ಲಿ ಅವನ ತಾಯಿ ರಾಯವ್ವ ಎಲೆಯಡಿಕೆ ಕುಟ್ಟುತ್ತ ಕೂತಿದ್ದಳು.

"ಹೆಂಗ ಹೇಳ್ಲಿ ಅಣ್ಣಾರ. ಕಾರ್ಯಾಲಯದಾಗ ಹೆಜ್ಜೇನ ಕಟ್ಟ್ಯಾವು. ಮದುವಿ ದಿನ ನಿಮ್ಮ ಮಗಳಿಗೆ, ನಿಮ್ಮ ತಂಗಿಗೆ, ಯಾರಿಗರೆ ಕಡದ್ರ..."

ತಂಗಿ ಎಂಬ ಶಬ್ದ ಬಿದ್ದದ್ದೇ ತಡ, ಅವನ ಕಿಸೆ ಮಾತಾಡಿತು. "ಹೆಜ್ಜೇನು ಕಡಿದಾಗ ಮಾಡಬೇಕಾದ ಐದು ಕೆಲಸಗಳು. ಮೊದಲನೆಯದು, ಗಾಬರಿಯಾಗಬಾರದು. ಎರಡನೆಯದು, ಮುಳ್ಳನ್ನು ಕೆರೆದು ತೆಗೆಯಬೇಕು."

ಲಗಮಣ್ಣ ಕರದಂಟು ಅಗಿಯುವುದನ್ನು ನಿಲ್ಲಿಸಿದ. "ಯಾರಾಕಿ?"

"ನಮ್ಮ... ತಂಗಿರಿ."

"ಮೂರನೆಯದು, ಬಾವು ಬಂದಲ್ಲಿ ಮಂಜುಗಡ್ಡೆ ಇಡಬೇಕು."

"ಏ ಲಗಮಾ, ಕಿಸೇದಾಗ ತಂಗೀನ ಇಟಗೊಂಡ ತಿರಗತಾನೇನೋ ಇಂವ?" ಎಂದು ರಾಯವ್ವ ಕುಟ್ಟಾಣಿ ಕೆಳಗಿಟ್ಟಳು. ಆಮೇಲೆ ಜೇನಿನ ವಿಷಯ ತಿಳಿದು ಹಣೆಗೆ ಕೈ ಹಚ್ಚಿ ಮುಗಿದಳು. "ಜೇನ ಕಟ್ಟಿದ ಮನಿ ಅಂದ್ರ ಭಾಗ್ಯದ ಮನಿ. ಮೊಮ್ಮಗಳ ಮದುವಿ ಅಲ್ಲೇ ಆಗಬೇಕು."

"ನಮ್ಮವ್ವ ಅಂದಮ್ಯಾಲ ಮುಗೀತು. ಜೇನ ನನಗ ಬಿಡ್ರಿ" ಅಂದ ಲಗಮಣ್ಣ, ಜೇನಿನ ಜೊತೆಗೂ ಕುಸ್ತಿ ಆಡುವವನಂತೆ ತೋಳು ಸವರಿಕೊಂಡು. ಒಳಮನೆಯಲ್ಲಿ ಹೆಣ್ಣುಮಕ್ಕಳು ಗುಸುಗುಸು ಅನ್ನುತ್ತಿದ್ದರು. ಯಲ್ಲಾಲಿಂಗ ಚಹಾ ಕುಡಿದು ಬಂದ ದಾರಿ ಹಿಡಿದ.

ಮತ್ತೆ ಗೋಕಾಕ, ಅಲ್ಲಿಂದ ಇನ್ನೊಂದು ಬಸ್ಸು, ಮೂಡಲಗಿ. ತಲುಪುವಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು, ಹೊಟ್ಟೆಯಲ್ಲಿ ಚಹಾ ಬಿಟ್ಟು ಏನೂ ಇರಲಿಲ್ಲ. ಗುರುಪಾದಪ್ಪನವರು ನಿವೃತ್ತ ಸಾಲಿ ಮಾಸ್ತರರು. ಆಮಂತ್ರಣದ ಪಟ್ಟಿಯಲ್ಲಿ ಬೀಗರ ಹೆಸರಿನ ಒತ್ತಕ್ಷರಗಳನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಆ ಕೆಂಪು ಪೆನ್ನು ಕಂಡೊಡನೆ ಯಲ್ಲಾಲಿಂಗನ ಬಾಯಿಂದ ಜೇನು ಹಾರಿಹೋಯಿತು. ಗಿರಮಿಟ್ಟಿನಿಂದ ಹಿಡಿದು ಎಲ್ಲ ಖರೆ ಒದರಿ, ಕಣ್ಣೊರೆಸಿಕೊಂಡ.

ಮಾಸ್ತರರು ಕನ್ನಡಕ ತೆಗೆದರು. "ಆ ಇನ್ನೊಂದ ಮದುವಿ, ಅವರು ಹೆಣ್ಣಿನ ಕಡಿಯವರೇನು?"

"ಹೌದ್ರಿ ಸರ್. ಹುಡಿಗಿ ಅಪ್ಪನ ಬಂದ ಹಿಡದಾರ."

"ಹಂಗಾದ್ರ ಅವರಿಗೇ ಕೊಡು. ನಾವು ಗಂಡಿನ ಕಡಿಯವರು. ಹೆಣ್ಣ ಹೆತ್ತಾಂವಗ ತ್ರಾಸ ಕೊಟ್ಟ ಮಗನ ಮದುವಿ ಮಾಡಿದ್ರ ಚಲೋ ಅನಸೂದಿಲ್ಲ."

"ಅವರ ಹೆಸರ ಹೇಳ್ತೇನ್ರಿ..."

"ಬ್ಯಾಡ! ಹೆಸರ ಗೊತ್ತಾದ್ರ ಉಪಕಾರ ಮಾಡೇನಿ ಅನ್ನೋ ಸೊಕ್ಕ ಬರ್ತೈತಿ. ಹೋಗು."

ಯಲ್ಲಾಲಿಂಗ ಅವರ ಪಾದ ಮುಟ್ಟಿಯೇ ಎದ್ದ. ಬಸ್ ಸ್ಟ್ಯಾಂಡಿನಲ್ಲಿ "ತಂಗಿ, ಮೂಡಲಗೀದು ತಗದ ಹಾಕು" ಎಂದು ಹೇಳಿ, ಒಂದು ದೊಡ್ಡ ಗ್ಲಾಸು ಕಬ್ಬಿನ ಹಾಲು ತೆಗೆದುಕೊಂಡ. ಇಡೀ ದಿನದಲ್ಲಿ ಅದೊಂದೇ ತಂಪಾಗಿ ಗಂಟಲಿಗಿಳಿದದ್ದು. ಗ್ಲಾಸು ಅರ್ಧವಾಗಿತ್ತು, ಫೋನು ಬಂತು.

"ಮ್ಯಾನೇಜರ್, ನಾ ಲಗಮಣ್ಣ. ನಿಮ್ಮ ತಂಗಿ ಹೇಳಿದ್ದ ಒಳಗ ಹೆಣ್ಣಮಕ್ಕಳೆಲ್ಲಾ ಕೇಳ್ಯಾರ. ಬಾವು ಬಂದ ಮಾರೀಲೆ ನಾ ಹಸಿಮಣಿ ಏರೂದಿಲ್ಲ ಅಂತ ಮಗಳ ಅಳಾಕತ್ತಾಳ. ನಮಗ ಬ್ಯಾಡ್ರಿ ನಿಮ್ಮ ಕಾರ್ಯಾಲಯ." ಫೋನು ಕಟ್ಟಾಯಿತು.

ಬೆಳಿಗ್ಗೆ ಎರಡು ಮದುವೆ, ಈಗ ಒಂದೂ ಇಲ್ಲ! ಸುಗ್ಗಿಯಂಥ ಮೇ ತಿಂಗಳಲ್ಲಿ ಒಳ್ಳೆಯ ಮುಹೂರ್ತ ಖಾಲಿ ಬಿದ್ದರೆ ಕಾಶೆವ್ವನವರು ಸುಮ್ಮನಿರುವರೇ? ಅವನು ಶ್ರೀಶೈಲನಿಗೆ ಫೋನು ಹಚ್ಚಿ ಗೋಳಾಡಿದ. "ಎರಡೂ ಹ್ವಾದವೋ! ಇನ್ನ ನನ್ನ ಕೀಲಿ ಹೋತು!"

"ಗಾಬರಿ ಆಗಬ್ಯಾಡ, ಮದಲ ಊರಿಗೆ ಬಾ" ಅಂದ ಶ್ರೀಶೈಲ.

ಬಂದ ಮೊದಲ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನದು ಹಿಡಿದು ಕಾರ್ಯಾಲಯ ತಲುಪಿದಾಗ ಆರು ಹೊಡೆದಿತ್ತು. ಅಂಗಳದಲ್ಲಿ ಎರಡು ಜೀಪು. ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಒಳಗೆ ಕುರ್ಚಿಯಲ್ಲಿ ಕೂತಿದ್ದರು ಕಾಶೆವ್ವನವರು. ಅವರ ಎಡಕ್ಕೆ ಲಗಮಣ್ಣ, ಬಲಕ್ಕೆ ಗುರುಪಾದಪ್ಪ ಮಾಸ್ತರರು. ಯಲ್ಲಾಲಿಂಗ ಹೊಸ್ತಿಲಲ್ಲೇ ನಿಂತ. ಕೀಲಿಗೊಂಚಲನ್ನು ತಾನೇ ಕಿಸೆಯಿಂದ ಹೊರತೆಗೆದ.

ಮಾಸ್ತರರು ನಕ್ಕರು. "ಬಾ ಬಾ. ನೀ ಹ್ವಾದಮ್ಯಾಲ ನಮ್ಮ ಬೀಗರಿಗೆ ಫೋನ್ ಮಾಡಿ, ಗೋಕಾಕದಾಗ ನಾ ಹಿಡಿದ ಜಾಗಾ ಯಾರೋ ಹೆಣ್ಣಿನ ಅಪ್ಪಗ ಬಿಟ್ಟ ಕೊಟ್ಟೆ ಅಂದೆ. ಇವರು, ಅಯ್ಯ ನಾನೂ ಅಲ್ಲೇ ಹಿಡಿದಿದ್ದೆ ಅಂದ್ರು!"

"ನಿಶ್ಚಯದಾಗ ಮದುವಿ ಗೋಕಾಕದಾಗ ಅಂತ ಮಾತಾಗಿತ್ತು. ಯಾರು ಹಿಡಿಬೇಕು ಅಂತ ಆಗಿರಲಿಲ್ಲ" ಅಂದ ಲಗಮಣ್ಣ, ತಲೆ ಕೆರೆದುಕೊಂಡು. "ಬೀಗರ ಮುಂದ ಮಾನ ಉಳೀಲಿ ಅಂತ ನಾ ಸುಮ್ಮನ ಬಂದ ಹಿಡದೆ. ಅವರೂ ಸುಮ್ಮನ ಬಂದ ಹಿಡದಾರ."

"ಗಂಡ ನಮ್ಮದು, ಹೆಣ್ಣ ಇವರದು" ಅಂದರು ಮಾಸ್ತರರು. "ಮದುವಿ ಒಂದ!"

ಯಲ್ಲಾಲಿಂಗ ಗೋಡೆಗೆ ಒರಗಿದ. ಲಗಮಣ್ಣ ಮಾತ್ರ ಚಾವಣಿ ನೋಡುತ್ತ, "ಎಲ್ಲಾ ಮೂಲಿ ನೋಡಿದೆ, ಒಂದ ನೊಣಾನೂ ಇಲ್ಲ. ಜೇನ ಎಲ್ರಿ?" ಅಂದ.

"ಮಧ್ಯಾಹ್ನನ ಬಿಡಸೇನ್ರಿ" ಅಂದ ಯಲ್ಲಾಲಿಂಗ, ಉಸಿರು ಬಿಡದೆ.

ಕಾಶೆವ್ವನವರಿಗೆ ಸಂತೋಷವೋ ಸಂತೋಷ. "ಒಂದ ಮದುವಿ ಸಲುವಾಗಿ ಎರಡೂ ಊರಿಗೆ ಹೋಗಿ, ಜೇನೂ ಬಿಡಸಿ ಬಂದಾನ. ಇಂಥಾ ಮನಿಷ್ಯಾ ಎಲ್ಲಿ ಸಿಗ್ತಾನ? ಕೀಲಿ ಕಿಸೇದಾಗ ಇಡೋ ಯಲ್ಲಾಲಿಂಗಾ." ಅವರ ಎದುರಿಗೇ ಎರಡೂ ಕಡೆಯವರು ಎಲೆ ಅಡಿಕೆ ಕೊಟ್ಟು, ಹದಿನಾಲ್ಕಕ್ಕೆ ಮದುವೆ ಇಲ್ಲೇ ಎಂದು ಗಟ್ಟಿ ಮಾಡಿ ಜೀಪು ಹತ್ತಿದರು. ಕಾಶೆವ್ವನವರು ಅಡುಗೆಮನೆ ನೋಡಲು ಒಳಗೆ ಹೋದರು. ಯಲ್ಲಾಲಿಂಗ ಪಾವಟಿಗೆಯ ಮೇಲೆ ಕಾಲು ಚಾಚಿ ಕೂತು, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟ. ಘಟಪ್ರಭೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಬದುಕಿದೆನಪ್ಪಾ ಅನ್ನಿಸಿತು.

ಅಷ್ಟರಲ್ಲಿ ಶ್ರೀಶೈಲನ ಸ್ಕೂಟರು ಬಂದು ಪಾವಟಿಗೆಗೆ ತಾಗಿ ನಿಂತಿತು. ಬೆವರಿನಲ್ಲಿ ತೊಯ್ದಿದ್ದ, ಮುಖ ಮಾತ್ರ ಗೆದ್ದ ಎತ್ತಿನ ಹಾಗೆ ಹೊಳೆಯುತ್ತಿತ್ತು.

"ಯಲ್ಲಣ್ಣಾ, ನಿನ್ನ ಕೀಲಿ ಉಳಿಸಿದೆ! ಹದಿನಾಲ್ಕಕ್ಕ ಗಿರಾಕಿ ಹಿಡದ ಬಂದೇನಿ. ಕೆಂಚಪ್ಪ ಅಂತ, ಮಗಳ ಮದುವಿ. ನಿನ್ನ ಹೆಸರಲೆ ಮಾತ ಕೊಟ್ಟೆ, ಎಲಿ ಅಡಕಿ ಇಸಕೊಂಡೆ. ಲಗ್ನಪತ್ರಿಕಿ ನನ್ನ ಕಣ್ಣ ಮುಂದನ ಅಚ್ಚಿಗೆ ಹೋತು!"

ಯಲ್ಲಾಲಿಂಗ ಚಾಚಿದ್ದ ಕಾಲು ಎಳೆದುಕೊಂಡು ಎದ್ದು ನಿಂತ.

"ಯಾರೋ ಅದು?" ಒಳಗಿನಿಂದ ಕಾಶೆವ್ವನವರ ದನಿ ಬಂತು.

"ಯಾರೂ ಇಲ್ರಿ ಅವ್ವಾರ, ಹೂವಿನ ಶ್ರೀಶೈಲ" ಎಂದು ಕೂಗಿ ಹೇಳಿ, ಅವನು ಶ್ರೀಶೈಲನ ಕಿವಿಯ ಹತ್ತಿರ ಬಾಗಿದ. "ಕೆಂಚಪ್ಪಂದು ಯಾವೂರ?"

"ಧುಪದಾಳ."

"ಧುಪದಾಳ?" ಯಲ್ಲಾಲಿಂಗನಿಗೆ ಹೋದ ಜೀವ ಅರ್ಧ ಬಂದಂತಾಯಿತು. "ಸದ್ಯ, ಸಮೀಪ ಐತಿ" ಎಂದವನೇ ಸ್ಕೂಟರಿನ ಹಿಂದೆ ಏರಿ ಕೂತ. "ನಡಿ. ದಾರ್ಯಾಗ ಒಂದರ್ಧಾ ಕಿಲೋ ಕರದಂಟ ತಗೋಬೇಕು."